ಚಂದ್ರಗುತ್ತಿ ದಾರಿಗೆ ಹಿಂದಿನ ಬ್ರೇಕು



ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ಈಗ ಯಾವ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಲ್ಪ ಹೊತ್ತು ನಿಂತರೂ ಒಂದಾದರೂ ಸ್ಪೋರ್ಟ್ಸ್ ಬೈಕು ಕಣ್ಣಿಗೆ ಬೀಳುತ್ತದೆ. ಯಮಹಾ ಆರ್15, ಪಲ್ಸರ್ ಎನ್‌ಎಸ್, ಅಪಾಚೆ, ಅಪರೂಪಕ್ಕೊಂದು ಕೆಟಿಎಂ. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಇನ್ನೂ ನಾಲ್ಕು ಜಾಸ್ತಿ. ಮುಂದಕ್ಕೆ ಬಾಗಿ ಕೂರುವ ಗಾಡಿ, ಹಿಂದಿನ ಸೀಟು ಗೇಣು ಎತ್ತರ. ರೇಸಿನವರ ಗಾಡಿಯನ್ನು ನೋಡಿ ಮಾಡಿದ ಆ ಸೀಟಿನ ಮೇಲೆ ನಮ್ಮ ಕಡೆ ಅಮ್ಮ ಕೂತಿರುತ್ತಾರೆ, ಚಂದ್ರಗುತ್ತಿಯ ದೇವಿ ರೇಣುಕಾಂಬೆಗೆ ಒಯ್ಯುವ ಹಣ್ಣುಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಜಾತ್ರೆಯ ಸಮಯದಲ್ಲಾದರೆ ಅಮ್ಮನ ಮುಂದೆ ತಂಗಿಯ ಮಗುವೂ ಇರುತ್ತದೆ. ಗಾಡಿ ಮಾಡಿದವರು ಹಾಕಿದ ಲೆಕ್ಕವೇ ಬೇರೆ, ನಾವು ಅದರಿಂದ ಮಾಡಿಸಿಕೊಳ್ಳುವ ಕೆಲಸವೇ ಬೇರೆ. ಇವತ್ತು ನಾನು ಹೇಳಹೊರಟಿರುವ ಹಿಂದಿನ ಬ್ರೇಕ್ ಪ್ಯಾಡಿನ ವಿಷಯ ಇಲ್ಲಿಂದಲೇ ಶುರುವಾಗುತ್ತದೆ.

ಪ್ಯಾಡು ಸವೆದು ಗ್ಯಾರೇಜಿಗೆ ಹೋದ ಹುಡುಗನಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು ಬಗೆಯದು. ಒಂದು, ‘ಹಿಂದಿಂದಕ್ಕೆ ಯಾವ್ದಾದ್ರೂ ಹಾಕು ಮಾರಾಯ, ಗಾಡಿ ಹಿಡಿಯೋದು ಮುಂದಿನ ಬ್ರೇಕೇ’. ಇನ್ನೊಂದು ಅದಕ್ಕೆ ಪೂರ್ತಿ ಉಲ್ಟಾ, ‘ಇಂಪೋರ್ಟೆಡ್ ಹಾಕ್ಸು, ಮುಟ್ಟಿದ್ರೆ ನಿಲ್ತದೆ’. ಎರಡೂ ಸಲಹೆ ನಮ್ಮ ರಸ್ತೆಯನ್ನು ಮರೆತು ಕೊಟ್ಟಂಥವು.

ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಬಿಡೋಣ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಜಾರುತ್ತದೆ. ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಆರ್15ನ್ನೇ ತೆಗೆದುಕೊಳ್ಳಿ. ಮೂರನೆಯ ಮಾದರಿಯಲ್ಲಿ ಚಕ್ರದಿಂದ ಚಕ್ರಕ್ಕೆ 1,325 ಮಿ.ಮೀ. ಅಂತರ. ಸವಾರನೂ ಸೇರಿ ಭಾರದ ಕೇಂದ್ರ ನೆಲದಿಂದ ಎರಡು ಅಡಿ ಎತ್ತರದಲ್ಲಿದೆ, ನಿಂತಾಗ ಭಾರ ಹಿಂದೆ ಮುಂದೆ ಅರ್ಧರ್ಧ ಹಂಚಿಕೊಂಡಿದೆ ಎಂದಿಟ್ಟುಕೊಂಡರೆ, ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರದ ಮೇಲೆ ಉಳಿಯುವುದು ಒಟ್ಟು ಭಾರದ ಶೇ. 20ರ ಆಸುಪಾಸು ಮಾತ್ರ. ಆದ್ದರಿಂದಲೇ ಕಂಪನಿಯವರು ಆ ಗಾಡಿಗೆ ಮುಂದೆ 282 ಮಿ.ಮೀ. ಅಗಲದ ಡಿಸ್ಕ್ ಕೊಟ್ಟು ಹಿಂದೆ 220ಕ್ಕೆ ನಿಲ್ಲಿಸಿದರು. ಅಪಾಚೆ ಆರ್‌ಆರ್310ರಲ್ಲಿ ಮುಂದೆ 300, ಹಿಂದೆ 240.

ಆದರೆ ಈ ಲೆಕ್ಕ ಒಣ ಡಾಂಬರಿನದು. ಜೂನ್ ತಿಂಗಳು ಹಿಡಿದ ಮಳೆ ನವರಾತ್ರಿಯವರೆಗೂ ಬಿಡದ ಸೀಮೆ ನಮ್ಮದು. ಒದ್ದೆ ರಸ್ತೆಯಲ್ಲಿ, ಜಲ್ಲಿ ಎದ್ದ ತಿರುವಿನಲ್ಲಿ, ಟ್ರ್ಯಾಕ್ಟರಿನ ಚಕ್ರ ಬಿಟ್ಟುಹೋದ ಗದ್ದೆಮಣ್ಣಿನ ಮೇಲೆ ಯಾರೂ ಅಷ್ಟು ಜೋರಾಗಿ ಬ್ರೇಕ್ ಹಿಡಿಯುವುದಿಲ್ಲ, ಹಿಡಿಯಲಾಗುವುದೂ ಇಲ್ಲ. ಅರ್ಧಕ್ಕರ್ಧ ಮೆಲ್ಲಗೆ ಹಿಡಿಯುತ್ತೇವೆ. ಮೆಲ್ಲಗೆ ಹಿಡಿದಾಗ ಭಾರವೂ ಕಡಿಮೆಯೇ ಮುಂದಕ್ಕೆ ಜಾರುತ್ತದೆ. ಅದೇ ಗಾಡಿ, ಅದೇ ಲೆಕ್ಕ. ಹಿಂದಿನ ಚಕ್ರದ ಪಾಲು ಈಗ ಶೇ. 35ನ್ನು ದಾಟುತ್ತದೆ. ಹಿಂದೆ ಅಮ್ಮ ಕೂತರೆ ಇನ್ನೂ ಹೆಚ್ಚು. ರೇಸ್ ಟ್ರ್ಯಾಕಿನಲ್ಲಿ ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ ಎಂಬುದು ನಿಜ. ಚಂದ್ರಗುತ್ತಿಯ ಮಳೆಗಾಲದಲ್ಲಿ ಅದು ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಕೆಲಸದ ಆಳು.

ಇನ್ನು ಘಟ್ಟ. ನಮ್ಮ ಹುಡುಗರು ರಜೆ ಸಿಕ್ಕರೆ ಹೊರಡುವುದು ಸಮುದ್ರದ ಕಡೆಗೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆ ಘಟ್ಟ. ಸುಮಾರು 140 ಕೆ.ಜಿ. ಗಾಡಿ, ಇಬ್ಬರು ಸೇರಿ 130 ಕೆ.ಜಿ. ಎಂದರೆ 270 ಕೆ.ಜಿ. ಭಾರ. ಅದು 500 ಮೀಟರ್ ಕೆಳಗಿಳಿಯುವಾಗ ಬಿಡುವ ಶಕ್ತಿಯನ್ನು ಪೂರ್ತಿ ಬ್ರೇಕೇ ನುಂಗುವುದಾದರೆ ಅದು ನಾಲ್ಕು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಅದೃಷ್ಟಕ್ಕೆ ಎಂಜಿನ್ನೂ ಎದುರುಗಾಳಿಯೂ ದೊಡ್ಡ ಪಾಲು ತೆಗೆದುಕೊಳ್ಳುತ್ತವೆ. ಆದರೆ ಪೆಟ್ರೋಲು ಉಳಿಸುತ್ತೇನೆಂದು ಕ್ಲಚ್ ಹಿಡಿದು ನ್ಯೂಟ್ರಲ್‌ನಲ್ಲಿ ಇಳಿಯುವವನು, ಪೆಡಲಿನ ಮೇಲೆ ಕಾಲನ್ನು ಇಟ್ಟೇ ಇರುವವನು, ಆ ನೀರನ್ನೆಲ್ಲ ಹಿಂದಿನ ಸಣ್ಣ ಡಿಸ್ಕಿನ ಮೇಲೆ ಕಾಯಿಸುತ್ತಿರುತ್ತಾನೆ. ಅವನು ಯಾವ ಪ್ಯಾಡ್ ಹಾಕಿದರೂ ಅಷ್ಟೇ. ಅವನು ಮೊದಲು ಬದಲಿಸಬೇಕಾದದ್ದು ಕಾಲಿಡುವ ಜಾಗ.

ಹಿಂದಿನ ಬ್ರೇಕನ್ನು ನಾವು ಅಸಡ್ಡೆ ಮಾಡುವುದಕ್ಕೆ ಒಂದು ಹಳೆಯ ಕಾರಣವೂ ಇದೆ. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಕೈ ಪಳಗಿಸಿದ್ದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಮೇಲೆ, ಆಮೇಲೆ ಯಮಹಾ ಆರ್‌ಎಕ್ಸ್ 100ರ ಮೇಲೆ. ಎರಡಕ್ಕೂ ಹಿಂದೆ ಮುಂದೆ ಡ್ರಮ್ ಬ್ರೇಕು. 1969ರಲ್ಲೇ ಹೋಂಡಾದ ಸಿಬಿ750 ಮುಂದಿನ ಚಕ್ರಕ್ಕೆ ಡಿಸ್ಕ್ ಹೊತ್ತು ದೊಡ್ಡ ಸಂಖ್ಯೆಯಲ್ಲಿ ಮಾರಾಟಕ್ಕೆ ಬಂದಿತ್ತು. ನಮ್ಮ ಬೀದಿಗಳಲ್ಲಿ ಡಿಸ್ಕ್ ಬ್ರೇಕು ಮಾಮೂಲಿಯಾದದ್ದು 1999ರ ಸಿಬಿಜೆಡ್, ಅದರ ಹಿಂದೆಯೇ ಬಂದ ಪಲ್ಸರ್‌ಗಳ ಕಾಲದಲ್ಲಿ. ಹಿಂದಿನ ಚಕ್ರಕ್ಕೂ ಡಿಸ್ಕು ಬಂದದ್ದು ಇನ್ನೂ ತಡವಾಗಿ. 2008ರ ಆರ್15 ಅದನ್ನು ಹಳ್ಳಿಯ ಹುಡುಗರ ಕಣ್ಣಿಗೂ ಬೀಳಿಸಿತು. ಡ್ರಮ್ಮಿನ ಗುಣ ಏನೆಂದರೆ ಅದು ಮುಚ್ಚಿದ ಡಬ್ಬಿ. ಒಳಗಿನ ಬ್ರೇಕ್ ಶೂಗೆ ಕೆಸರು ಸುಲಭವಾಗಿ ಮುಟ್ಟದು. ಸೈಕಲ್ಲಿನಷ್ಟೇ ಸಲೀಸಾಗಿ ವರ್ಷಗಟ್ಟಲೆ ಓಡಿತು. ಡಿಸ್ಕ್ ಹಾಗಲ್ಲ, ಬಟಾಬಯಲು. ಮುಂದಿನ ಚಕ್ರ ಎಬ್ಬಿಸಿದ ಕೆಂಪುಮಣ್ಣು, ಹಿಂದಿನ ಚಕ್ರ ತಾನೇ ಎರಚಿಕೊಂಡ ಕೆಸರು, ಎರಡೂ ಹೋಗಿ ಕೂರುವುದು ಪ್ಯಾಡುಗಳನ್ನು ಹಿಡಿದಿಡುವ ಹಿಂದಿನ ಕ್ಯಾಲಿಪರಿನಲ್ಲಿ. ಜಂಬಿಟ್ಟಿಗೆ ನೆಲದ ಮಣ್ಣಿನಲ್ಲಿ ಗಟ್ಟಿ ಕಣಗಳಿರುತ್ತವೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕ ಅದು ಸ್ಯಾಂಡ್‌ಪೇಪರಿನ ಕೆಲಸ ಮಾಡುತ್ತದೆ. ಬೆಂಗಳೂರಿನ ಗೆಳೆಯನಿಗೆ ಎರಡು ವರ್ಷ ಬಂದ ಪ್ಯಾಡು ತನಗೆ ಒಂದೇ ಮಳೆಗಾಲಕ್ಕೆ ಮುಗಿಯಿತೆಂದು ಯಾರಾದರೂ ಗೊಣಗಿದರೆ ಪ್ಯಾಡು ಖೋಟಾ ಎಂದು ಕೂಡಲೇ ತೀರ್ಮಾನಿಸಬೇಡಿ. ಅವನು ಓಡಿಸಿದ್ದು ಬೇರೆ ಮಣ್ಣಿನ ಮೇಲೆ.

ಸರಿ, ಪ್ಯಾಡ್ ಅಂದರೆ ಏನು? ಒಂದು ಉಕ್ಕಿನ ತಗಡು, ಅದರ ಮೇಲೆ ಉಜ್ಜುವುದಕ್ಕೆಂದೇ ಮಾಡಿದ ಒಂದು ಮಿಶ್ರಣ. ಈ ಮಿಶ್ರಣದ ಕಥೆ ಇಳಿಜಾರಿನಲ್ಲೇ ಹುಟ್ಟಿದ್ದು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು. ಅಲ್ಲಿಯ ರೈತರು ತಮ್ಮ ಗಾಡಿಗಳ ಮರದ ಬ್ರೇಕಿಗೆ ಹಳೆಯ ಬೂಟಿನ ಅಟ್ಟೆ ಹೊಡೆದು ಇಳಿಜಾರು ಇಳಿಸುವುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ನೋಡಿದನಂತೆ. ಬರಿಯ ಮರಕ್ಕಿಂತ ಅದು ಚೆನ್ನಾಗಿ ಹಿಡಿಯುತ್ತಿತ್ತು. ಇದಕ್ಕೆಂದೇ ಒಂದು ವಸ್ತು ಯಾಕೆ ಮಾಡಬಾರದೆಂದು 1897ರಲ್ಲಿ ಕೆಲಸ ಶುರುಮಾಡಿದ. ಇವತ್ತಿಗೂ ಬ್ರೇಕ್ ಲೈನರಿನ ಡಬ್ಬಿಗಳ ಮೇಲೆ ಕಾಣುವ ಫೆರೋಡೊ ಹೆಸರು ಅವನ ಕಂಪನಿಯದು. ಆಮೇಲೆ ಬಹಳ ವರ್ಷ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸೇರಿತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಈಗಿನ ಒಳ್ಳೆಯ ಪ್ಯಾಡುಗಳಲ್ಲಿ ಅದಿಲ್ಲ. ಇಲ್ಲದಿದ್ದರೂ ಪ್ಯಾಡ್ ಬಿಚ್ಚಿದೊಡನೆ ಬಾಯಿಂದ ‘ಉಫ್’ ಎಂದು ಧೂಳು ಊದುವ ಅಭ್ಯಾಸವನ್ನು ಗ್ಯಾರೇಜಿನ ತಮ್ಮಂದಿರು ಬಿಡಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಂಗಡಿಯಲ್ಲಿ ಈಗ ಸಿಗುವ ಮಿಶ್ರಣಗಳನ್ನು ಸ್ಥೂಲವಾಗಿ ಎರಡು ಜಾತಿ ಮಾಡಬಹುದು. ಒಂದು ಆರ್ಗ್ಯಾನಿಕ್. ಹೆಸರು ಕೇಳಿ ಸಾವಯವ ಕೃಷಿಯನ್ನು ನೆನೆಯಬೇಡಿ. ನಾರು, ರಬ್ಬರು, ಇನ್ನಿತರ ಪುಡಿಗಳನ್ನು ಅಂಟಿನಂಥ ರಾಳದಲ್ಲಿ ಕಲಸಿ ಬೇಯಿಸಿದ್ದು. ಮೆತ್ತಗೆ ಹಿಡಿಯುತ್ತದೆ, ಸದ್ದು ಮಾಡದು, ಡಿಸ್ಕನ್ನು ತಿನ್ನದು, ಬೆಲೆಯೂ ಕಡಿಮೆ. ದೋಷ ಎರಡು. ಕೆಸರಿನಲ್ಲಿ ಬೇಗ ಸವೆಯುತ್ತದೆ. ತೀರ ಕಾದರೆ ರಾಳ ಆವಿಯಾಗಿ ಹಿಡಿತ ತಪ್ಪುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಇನ್ನೊಂದು ಸಿಂಟರ್ಡ್. ತಾಮ್ರ ಮುಂತಾದ ಲೋಹದ ಪುಡಿಗಳನ್ನು ಒತ್ತಡದಲ್ಲಿ ಕಾಯಿಸಿ ಒಂದಾಗಿಸಿದ್ದು. ನೀರು ಬಿದ್ದರೂ ಚಕ್ರದ ಮೊದಲ ಸುತ್ತಿನಿಂದಲೇ ಹಿಡಿಯುತ್ತದೆ, ಶಾಖ ತಡೆಯುತ್ತದೆ, ಬಾಳಿಕೆ ಜಾಸ್ತಿ. ಇದರ ದೋಷವೂ ಎರಡು. ಆರ್ಗ್ಯಾನಿಕ್ಕಿಗೆಂದೇ ಮಾಡಿದ ಡಿಸ್ಕನ್ನು ಬೇಗ ಸವೆಸುತ್ತದೆ. ಲೋಹವಾದ್ದರಿಂದ ಶಾಖವನ್ನು ಹಿಂದಕ್ಕೆ, ಪ್ಯಾಡನ್ನು ಒತ್ತುವ ಪಿಸ್ಟನ್ನಿಗೂ ಬ್ರೇಕ್ ಆಯಿಲ್ಲಿಗೂ ಬೇಗ ದಾಟಿಸುತ್ತದೆ. ಇವೆರಡರ ನಡುವೆ ಸೆಮಿ-ಮೆಟಾಲಿಕ್ ಎಂಬ ಬೆರಕೆಯೂ ಇದೆ. ಅದರ ಗುಣ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಹೆಸರು ನೋಡಿಯೇ ನಂಬುವಂತಿಲ್ಲ.

ಪ್ಯಾಡಿನ ಬೆನ್ನಿನ ತಗಡನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ: ಎಫ್‌ಎಫ್, ಜಿಜಿ, ಎಚ್‌ಎಚ್, ಹೀಗೆ. ಅದು ಹಿಡಿತದ ದರ್ಜೆ. ಮೊದಲ ಅಕ್ಷರ ಮಾಮೂಲಿ ಬಿಸಿಯಲ್ಲಿರುವಾಗಿನದು, ಎರಡನೆಯದು ಚೆನ್ನಾಗಿ ಕಾದಾಗಿನದು. ಘರ್ಷಣೆಯ ಅಂಕ 0.35ರಿಂದ 0.45ರವರೆಗೆ ಇದ್ದರೆ ಎಫ್, 0.55ರವರೆಗೆ ಜಿ, ಅದಕ್ಕೂ ಮೇಲೆ ಎಚ್. ಎರಡು ಅಕ್ಷರವೂ ಒಂದೇ ಆಗಿದ್ದರೆ ತಣ್ಣಗಿದ್ದಾಗಲೂ ಕಾದಾಗಲೂ ಪೆಡಲಿನ ಸ್ವಭಾವ ಅಷ್ಟಾಗಿ ಬದಲಾಗದು. ಎರಡನೆಯ ಅಕ್ಷರ ಕೆಳದರ್ಜೆಯದಾಗಿದ್ದರೆ ಘಟ್ಟದ ನಡುವೆ ಪೆಡಲನ್ನು ಹೆಚ್ಚು ಒತ್ತಬೇಕಾಗಿ ಬರುತ್ತದೆ. ಹುಡುಗರ ಕಣ್ಣು ಹೋಗುವುದು ಎಚ್‌ಎಚ್ ಮೇಲೆ. ದೊಡ್ಡ ದರ್ಜೆ, ದೊಡ್ಡ ಬೆಲೆ, ಆದ್ದರಿಂದ ದೊಡ್ಡ ಬ್ರೇಕು ಎಂಬ ಲೆಕ್ಕ.

ಮುಂದಿನ ಚಕ್ರಕ್ಕೆ ಆ ಲೆಕ್ಕ ನಡೆಯಬಹುದು. ಹಿಂದಿನದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಗುರವಾದ ಚಕ್ರ ಲಾಕ್ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ಲಾಕ್ ಆದ ಹಿಂದಿನ ಚಕ್ರ ಒದ್ದೆ ರಸ್ತೆಯಲ್ಲಿ ಅಡ್ಡ ಬರುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಇದೆಯಲ್ಲ ಎನ್ನುತ್ತೀರಿ. 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾದದ್ದು ನಿಜ. ಆದರೆ ಆ ನಿಯಮ ಸಿಂಗಲ್ ಚಾನೆಲ್ ಎ.ಬಿ.ಎಸ್.ಗೂ ಅವಕಾಶ ಕೊಟ್ಟಿತು. ಅಂಥ ಗಾಡಿಯಲ್ಲಿ ರಕ್ಷಣೆ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದನ್ನು ಕಾಯಬೇಕಾದದ್ದು ನಿಮ್ಮ ಬಲಗಾಲು. ಕಾಲಿನಲ್ಲಿ ಗಂಬೂಟು, ಅದಕ್ಕೆ ಮೆತ್ತಿದ ಗದ್ದೆಯ ಕೆಸರು. ಎಷ್ಟು ಒತ್ತಿದೆವೆಂಬುದು ಬೆರಳಿಗೆ ತಿಳಿದ ಹಾಗೆ ಗಂಬೂಟಿಗೆ ತಿಳಿಯುತ್ತದೆಯೇ? ಆದ್ದರಿಂದ ಹಿಂದಿನ ಪ್ಯಾಡಿನಲ್ಲಿ ಹುಡುಕಬೇಕಾದದ್ದು ಗರಿಷ್ಠ ಹಿಡಿತವನ್ನಲ್ಲ. ಒತ್ತಿದಷ್ಟೇ ಹಿಡಿಯಬೇಕು, ನೀರು ಬಿದ್ದಾಗ, ಕಾದಾಗ, ಕೆಸರಾದಾಗ ಸ್ವಭಾವ ಬದಲಿಸಬಾರದು.

ಹಾಗಾದರೆ ಯಾವುದು ಹಾಕಿಸಬೇಕು? ವರ್ಷದ ಎಂಟು ತಿಂಗಳು ಗಾಡಿ ಓಡಿಸಿ, ಮಳೆಗಾಲದಲ್ಲಿ ಸೊರಬಕ್ಕೋ ಸಿದ್ದಾಪುರಕ್ಕೋ ಬಸ್ಸಿನಲ್ಲಿ ಹೋಗುವವರಾದರೆ ಎರಡನೆಯ ಯೋಚನೆ ಬೇಡ, ಗಾಡಿಯ ಕಂಪನಿಯೇ ಕೊಡುವ ಪ್ಯಾಡು ಸಾಕು. ಅದರ ಮಿಶ್ರಣವನ್ನು ಆ ಡಿಸ್ಕು, ಆ ಪೆಡಲು, ಆ ಭಾರಕ್ಕೆ ಹೊಂದಿಸಿರುತ್ತಾರೆ. ಮಳೆಗಾಲವಿಡೀ ತೋಟ, ಡೈರಿ, ಕಾಲೇಜು ಎಂದು ಗಾಡಿಯ ಮೇಲೆಯೇ ಇರುವವರಾದರೆ ಸಿಂಟರ್ಡ್ ಯೋಚಿಸಬಹುದು, ಆದರೆ ಎಫ್ ಅಥವಾ ಜಿ ದರ್ಜೆಯದು, ಅದೂ ಆ ಮಾದರಿಯ ಹಿಂದಿನ ಚಕ್ರಕ್ಕೆಂದೇ ತಯಾರಕರು ಪಟ್ಟಿಯಲ್ಲಿ ಹೆಸರಿಸಿದ್ದರೆ ಮಾತ್ರ. ಮುಂದೆ ಸಿಂಟರ್ಡ್, ಹಿಂದೆ ಆರ್ಗ್ಯಾನಿಕ್ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಎಷ್ಟೋ ಕಡೆ ಅದೇ ಒಳ್ಳೆಯ ಜೋಡಿ. ಮಳೆ ಕಳೆದ ಮೇಲೆ ಒಮ್ಮೆ ಪ್ಯಾಡ್ ಬದಲಿಸಬೇಕಾಗಿ ಬರಬಹುದು. ಬದಲಿಸಿ. ಆರ್ಗ್ಯಾನಿಕ್ ಪ್ಯಾಡಿನ ಒಂದು ಸೆಟ್ಟಿಗೆ ಆಗುವ ಖರ್ಚು ಹೊಸ ಡಿಸ್ಕ್ ಪ್ಲೇಟಿನ ಖರ್ಚಿನ ಮುಂದೆ ಏನೂ ಅಲ್ಲ.

ಅಂಗಡಿಗೆ ಹೋಗುವಾಗ ಹಳೆಯ ಪ್ಯಾಡನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಶಿಕಾರಿಪುರವಾಗಲಿ ಸಾಗರವಾಗಲಿ, ಕೌಂಟರಿನಾಚೆಯವರ ಮೊದಲ ಪ್ರಶ್ನೆ ಒಂದೇ: ‘ಕಂಪನೀದಾ, ಲೋಕಲ್ಲಾ?’ ಗಾಡಿಯ ಹೆಸರು ಹೇಳಿದರೆ ಸಾಲದು, ಯಾವ ವರ್ಷದ್ದು ಎಂಬುದೂ ಬೇಕು. ಒಂದೇ ಹೆಸರಿನ ಗಾಡಿಗೆ ಕ್ಯಾಲಿಪರ್ ಬದಲಾಗಿರುತ್ತದೆ. ಆಕಾರ ಹೊಂದಿತೆಂದ ಮಾತ್ರಕ್ಕೆ ಮಿಶ್ರಣವೂ ಅದೇ ಎಂದಲ್ಲ. ಬ್ರೆಂಬೋ ಎಂಬುದು ಇಟಲಿಯ ಹೆಸರಾಂತ ಬ್ರೇಕ್ ಕಂಪನಿ. ಸಣ್ಣ ಗಾಡಿಗಳಿಗೆಂದು ಅದು ಮಾಡುವ ಬೈಬ್ರೆ ಬ್ರೇಕುಗಳು ಕೆಟಿಎಂ, ಅಪಾಚೆಗಳಲ್ಲಿ ಕಾಣುತ್ತವೆ. ಹೆಸರಿದ್ದಲ್ಲಿ ನಕಲಿಯೂ ಇರುತ್ತದೆ. ಡಬ್ಬಿಯ ಮೇಲಿನ ಅಕ್ಷರ ತಪ್ಪಾಗಿದ್ದರೆ, ಭಾಗದ ನಂಬರು ಇಲ್ಲದಿದ್ದರೆ, ತಗಡಿನ ಅಂಚು ಒರಟಾಗಿದ್ದರೆ, ತಗಡಿಗೂ ಮಿಶ್ರಣಕ್ಕೂ ನಡುವೆ ಕೂದಲೆಳೆಯ ಬಿರುಕು ಕಂಡರೆ ವಾಪಸು ಕೊಡಿ. ಮಿಶ್ರಣ ತಗಡಿನಿಂದ ಕಳಚಿಬಿದ್ದ ಪ್ಯಾಡಿಗೆ ಬ್ರೇಕೇ ಇಲ್ಲ. ಬಿಲ್ಲು ಕೇಳಿ. ಕೇಳಿದರೆ ಅಂಗಡಿಯವರು ಬೇಜಾರು ಮಾಡಿಕೊಳ್ಳುತ್ತಾರೆಂಬ ಸಂಕೋಚ ನಮ್ಮ ಕಡೆಯವರಿಗೆ ತುಸು ಜಾಸ್ತಿ.

ಯಾವಾಗ ಬದಲಿಸಬೇಕೆಂಬುದಕ್ಕೆ ಕಿಲೋಮೀಟರಿನ ಲೆಕ್ಕ ನಮ್ಮ ಮಣ್ಣಿನಲ್ಲಿ ನಡೆಯದು. ಮೊಬೈಲಿನ ಟಾರ್ಚ್ ಹಾಕಿ ಕ್ಯಾಲಿಪರಿನ ಹಿಂದಿನಿಂದ ನೋಡಿ. ಮಿಶ್ರಣ ಸುಮಾರು 1 ಮಿ.ಮೀ.ಗೆ ಇಳಿದಿದ್ದರೆ, ಅಥವಾ ಅದರಲ್ಲಿ ಕೊರೆದ ಗುರುತಿನ ಗೀರು ಮಾಯವಾಗಿದ್ದರೆ ಬದಲಿಸುವ ಹೊತ್ತು. ಎರಡು ಪ್ಯಾಡನ್ನೂ ಒಟ್ಟಿಗೇ ಬದಲಿಸಬೇಕು. ಡಿಸ್ಕಿನ ಮೇಲೂ ಕನಿಷ್ಠ ದಪ್ಪವನ್ನು ಸಣ್ಣದಾಗಿ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡು ಹಾಕುವುದು ದಂಡ.

ಬಿಚ್ಚಿದ ಹಳೆಯ ಪ್ಯಾಡುಗಳನ್ನು ಗ್ಯಾರೇಜಿನ ಮೂಲೆಗೆ ಎಸೆಯುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪಿಸ್ಟನ್ ಕಡೆಯದು ತೀರ ಸವೆದು ಇನ್ನೊಂದು ದಪ್ಪಗಿದ್ದರೆ ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದಿದೆ. ಮಲೆನಾಡಿನ ಹಿಂದಿನ ಬ್ರೇಕಿನ ಮೊದಲ ರೋಗವೇ ಇದು. ಪಿನ್ನು ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು ತೆಳುವಾಗಿ ಸವರಿಸಿ, ಅದರ ರಬ್ಬರು ಟೋಪಿ ಹರಿದಿದ್ದರೆ ಬದಲಿಸಿ. ಒಂದೇ ಪ್ಯಾಡು ಓರೆಯಾಗಿ ಸವೆದಿದ್ದರೂ ಕಾರಣ ಅಲ್ಲೇ ಹುಡುಕಿ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸವಾರ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸುವವನು. ಕಪ್ಪಗೆ ಜಿಡ್ಡಾಗಿದ್ದರೆ ವಾಟರ್ ಸರ್ವಿಸ್ ಆದ ಮೇಲೆ ಹೊಳಪಿಗೆಂದು ಹೊಡೆದ ಡೀಸೆಲ್ಲೋ, ಚೈನಿಗೆ ಹೊಡೆದ ಸ್ಪ್ರೇಯೋ ಅಲ್ಲಿಗೂ ಹಾರಿದೆ. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಸುಟ್ಟು ಮತ್ತೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಆಯುಧಪೂಜೆಯ ದಿನ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹ್ಯಾಂಡಲಿಗೆ ಹಚ್ಚಿ, ಹೆಡ್‌ಲೈಟಿಗೆ ಹಚ್ಚಿ. ಡಿಸ್ಕನ್ನು ಬಿಟ್ಟುಬಿಡಿ, ತಾಯಿ ಮುನಿಯುವುದಿಲ್ಲ.

ಹೊಸ ಪ್ಯಾಡು ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೇರಿ ಚೆಲ್ಲಬಹುದು. ಅದು ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರಿನಲ್ಲಿ ತೊಳೆಯಿರಿ. ಆ ಎಣ್ಣೆಯ ಕಡೆಗೂ ಒಮ್ಮೆ ನೋಡಿ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಗಾಳಿಯಲ್ಲಿ ತೇವಕ್ಕೆ ಬರವೇ? ಕುದಿದರೆ ಗುಳ್ಳೆ ಎದ್ದು ಪೆಡಲು ಟೊಳ್ಳಾಗಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನಿನದು, ಡಾಟ್ 4ರ ಜೊತೆ ಬೆರೆಸುವಂಥದ್ದಲ್ಲ.

ಎಲ್ಲ ಕೂರಿಸಿದ ಮೇಲೆ, ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಪೆಡಲನ್ನು ಪಂಪು ಹೊಡೆಯಿರಿ, ಗಟ್ಟಿಯಾಗುವವರೆಗೆ. ಹಿಂದಕ್ಕೆ ಒತ್ತಿದ ಪಿಸ್ಟನ್ ಮತ್ತೆ ಮುಂದೆ ಬರುವುದು ಹಾಗೆಯೇ. ಅದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲಿ ಪೆಡಲು ನೆಲಮುಟ್ಟ ಹೋಗುತ್ತದೆ, ಗಾಡಿ ನಿಲ್ಲದು. ಆಮೇಲೆ ಖಾಲಿ ರಸ್ತೆಯಲ್ಲಿ 40-50 ಕಿ.ಮೀ. ವೇಗದಿಂದ ಮೆಲ್ಲಗೆ ಬ್ರೇಕ್ ಹಿಡಿಯುತ್ತ, ಬಿಡುತ್ತ, ನಡುವೆ ಡಿಸ್ಕ್ ಆರಲು ಬಿಡುತ್ತ ಒಂದಿಪ್ಪತ್ತು ಸಲ ಮಾಡಿ. ಪ್ಯಾಡಿನ ಮಿಶ್ರಣದ ತೆಳು ಪದರ ಡಿಸ್ಕಿಗೆ ಸಮನಾಗಿ ಅಂಟಬೇಕು. ಅಂಟುವ ತನಕ ಬ್ರೇಕು ಪೂರ್ತಿ ಬಾರದು. ಮೊದಲ ಇನ್ನೂರು ಕಿಲೋಮೀಟರು ಹೀಗೇ ಹದವಾಗಿ ಹೋಗಲಿ. ಅಷ್ಟರೊಳಗೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಘಟ್ಟ ಇಳಿಯುವ ಯೋಜನೆ ಇದ್ದರೆ ಮುಂದಿನ ಭಾನುವಾರಕ್ಕೆ ಹಾಕಿ.